ಬದಲಿಸಲೇ ಎಂದು ಕೇಳುವ ಯಂತ್ರ

ಸ್ಟುಡಿಯೋದಲ್ಲಿ ಫೋಟೋ ತಿದ್ದುವ ಅಕ್ಕನಿಗೆ ಹೊಸ ಕಂಪ್ಯೂಟರ್ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಮುಚ್ಚುವ ಗುಂಡಿ ಬಲಕ್ಕಿರುವ ಬದಲು ಎಡಕ್ಕೆ, ಒತ್ತಬೇಕಾದ ಕೀ ಇನ್ನೆಲ್ಲೋ. ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸಕ್ಕೆ ಈಗ ಕಣ್ಣು ಬಿಟ್ಟುಕೊಂಡು ತಡಕಾಡಬೇಕು. ಇದನ್ನು ತರಿಸಿದವನು ಮಾಲೀಕರ ಅಳಿಯ. ತಾನು ಒಂದು ದಿನವೂ ಅದರ ಮುಂದೆ ಕೂತವನಲ್ಲ, ಉಪದೇಶಕ್ಕೆ ಮಾತ್ರ ಕೊರತೆಯಿರಲಿಲ್ಲ.

"ಶಾಲೆ ಫೋಟೋ ಇವತ್ತು ಸಂಜೆ ಹೋಗ್ಲೇಬೇಕಮ್ಮ," ಎಂದಿದ್ದರು ಮಾಲೀಕರು. "ಇಲ್ದಿದ್ರೆ ತಿದ್ದೋ ಕೆಲಸ ಹೊರಗೆ ಕೊಟ್ಬಿಡ್ತೀನಿ." ಹೊರಗೆ ಕೊಟ್ಟರೆ ಅಕ್ಕನಿಗೆ ಇಲ್ಲೇನು ಕೆಲಸ?

ವಾರವಿಡೀ ಕೂತು ಮಕ್ಕಳ ಮುಖ ತಿದ್ದಿದ್ದಳು. ಒಬ್ಬನ ಸುರಿಯುವ ಮೂಗು, ಒಬ್ಬಳ ಕೆದರಿದ ಜುಟ್ಟು. ಉಳಿದದ್ದು ಮೇಷ್ಟ್ರುಗಳದು. ಅವು ಮಾಲೀಕರ ಪೆನ್‌ಡ್ರೈವಿನಲ್ಲಿ, ಮಕ್ಕಳ ಫೋಲ್ಡರಿಗಿದ್ದ 'ಶಾಲೆ' ಎಂಬ ಹೆಸರಿನದೇ ಫೋಲ್ಡರಿನಲ್ಲಿ ಬಂದಿದ್ದವು. ಅದನ್ನು ಹೊಸ ಕಂಪ್ಯೂಟರಿಗೆ ಎಳೆದು ತಂದು ಬಿಟ್ಟಳು. ಈ ಹೆಸರಿನದು ಆಗಲೇ ಇದೆ, ಬದಲಿಸಲೇ ಎಂದಿತು ಯಂತ್ರ. ಹಳೆಯ ಕಂಪ್ಯೂಟರೂ ಹೀಗೇ ಏನೋ ಕೇಳುತ್ತಿತ್ತು, ಹೂಂ ಎಂದರೆ ಎರಡನ್ನೂ ಒಟ್ಟಿಗೆ ಸೇರಿಸುತ್ತಿತ್ತು. ಹೂಂ ಎಂದಳು.

ತೆರೆದು ನೋಡಿದರೆ ಬರೀ ಮೇಷ್ಟ್ರುಗಳು. ಮಕ್ಕಳು ಒಬ್ಬರೂ ಇಲ್ಲ. "ಅಯ್ಯೋ, ಮಕ್ಕಳೆಲ್ಲ ಹೋದ್ರು!" ಎಂದಳು.

"ಅದು ಕೇಳಿತ್ತಲ್ಲ ಅಕ್ಕ, ಓದ್ಬೇಕಿತ್ತು," ಎಂದ ಅಳಿಯ. ಮಾರಲೆಂದು ಹಳೆಯ ಕಂಪ್ಯೂಟರನ್ನು ಎತ್ತಿಕೊಂಡು ಬಾಗಿಲ ಹತ್ತಿರ ನಿಂತಿದ್ದ.

"ಇಳಿಸ್ರೀ ಅದನ್ನ!"

ಅಕ್ಕ ಕೂಗಿದ ರಭಸಕ್ಕೆ ಅವನು ಇಳಿಸಿಯೇಬಿಟ್ಟ. ಹೊಸದರ ಮೇಲೆ ನಂಬಿಕೆಯಿಲ್ಲದೆ ಅವಳು ದಿನವೂ ಮನೆಗೆ ಹೊರಡುವ ಮುಂಚೆ ತಿದ್ದಿದ್ದನ್ನೆಲ್ಲ ಕದ್ದುಮುಚ್ಚಿ ಹಳೆಯದರಲ್ಲೂ ಹಾಕಿಡುತ್ತಿದ್ದಳು. ತಂತಿ ಸಿಕ್ಕಿಸಿದಳು. ಮಕ್ಕಳೆಲ್ಲ ಅಲ್ಲಿದ್ದರು, ಮೂಗು ಒರೆಸಿಕೊಂಡು.

ಗಲಾಟೆ ಕೇಳಿ ಮಾಲೀಕರೂ ಬಂದರು.

"ಸರಿ, ನಾನೇ ಹಾಕ್ತೀನಿ. ನೋಡಿ ಕಲೀರಿ," ಎಂದ ಅಳಿಯ ತನ್ನ ಪೆನ್‌ಡ್ರೈವಿಗೆ ಮಕ್ಕಳ ಫೋಲ್ಡರ್ ತುಂಬಿಕೊಂಡು ಹೊಸದರ ಮುಂದೆ ಕೂತ. ಎಳೆದ, ಬಿಟ್ಟ. ಯಂತ್ರ ಕೇಳಿತು. ಮಾವನಿಗೆ ಹೊಸ ಯಂತ್ರದ ಗುಣಗಾನ ಮಾಡುತ್ತಲೇ ಹೂಂ ಒತ್ತಿದ.

ಮಕ್ಕಳು ಬಂದರು. ಮೇಷ್ಟ್ರುಗಳು ಮಾಯ.

ಅಕ್ಕನ ನಾಲಿಗೆ ತುದಿಗೆ ಮಾತು ಬಂದಿತ್ತು. ಅಷ್ಟರಲ್ಲಿ ಮಾಲೀಕರೇ ಅಂದರು: "ಅದು ಕೇಳಿತ್ತಲ್ಲಪ್ಪ, ಓದ್ಬೇಕಿತ್ತು."

ಮಾಲೀಕರು ತಮ್ಮ ಪೆನ್‌ಡ್ರೈವನ್ನು ಅಕ್ಕನ ಮುಂದಿಟ್ಟರು. ಮೇಷ್ಟ್ರುಗಳು ಅದರಲ್ಲಿ ಭದ್ರವಾಗಿದ್ದರು. "ಹಳೇದನ್ನ ಒಳಗಿಡು," ಎಂದರು ಅಳಿಯನಿಗೆ. "ಕೆಲಸ ಎಲ್ಲೂ ಹೊರಗೆ ಹೋಗಲ್ಲ."

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ತೆರೆದಿದ್ದನ್ನು ಮುಚ್ಚಲು ಮತ್ತೆ ಬಲಕ್ಕೇ ಹೋದಳು.

"ಹಾಳಾದ್ದು," ಎಂದು ಎಡಕ್ಕೆ ಬಂದಳು.