ತಿಕೋಟಾದ ಗೋಡೆಯಲ್ಲಿ ಸಿಕ್ಕ ಹಸ್ತಪ್ರತಿ

ಸುಳ್ಳನ್ನು ಸತ್ಯದ ತಲೆಯ ಮೇಲೆ ಹೊಡೆದಂತೆ ಹೇಳುವುದರಲ್ಲಿ ರಾಮಚಂದ್ರ ಮಾಸ್ತರರು ಪಳಗಿದ ಕೈ. ವಿಜಾಪುರದ ಅಥಣಿ ರಸ್ತೆಯ ಬಾಡಿಗೆ ಮನೆಯಲ್ಲಿ ಕೂತು ಅವರೊಂದು ಮಾಯಾಲೋಕದ ಕಾದಂಬರಿ ಬರೆದರು. ಹಾರುವ ಕುದುರೆ, ಮಾತಾಡುವ ಬಾವಿ ಇರುವ ಕತೆಯನ್ನು ಯಾರು ನಂಬಬೇಕು? ಅದಕ್ಕೇ ಮುನ್ನುಡಿಯಲ್ಲಿ ಒಂದು ಬುರುಡೆ ಬಿಟ್ಟರು: ಇದು ತಿಕೋಟಾದಲ್ಲಿ ಮನೆಯೊಂದರ ಗೋಡೆ ಕೆಡವುವಾಗ ಸಿಕ್ಕ ಹಸ್ತಪ್ರತಿ; ಬರೆದವನು ಬಬಲೇಶ್ವರ ಬಿಟ್ಟು ಬಂದ ಗೌಂಡಿ ಮಲಂಗಸಾಬ; ತಾನೇ ಕಟ್ಟಿದ ಗೋಡೆಯಲ್ಲಿ ಇದನ್ನು ಬಚ್ಚಿಟ್ಟು ಜ್ವರದಿಂದ ಸತ್ತ. ಹೆಸರನ್ನು ಸೊಲ್ಲಾಪುರ ರಸ್ತೆಯ ಸೈಕಲ್ ಅಂಗಡಿಯ ಬೋರ್ಡಿನಿಂದ ಎತ್ತಿದ್ದರು. ೧೯೭೪ರಲ್ಲಿ ಪುಸ್ತಕ ಬಂತು.

ಮೂರು ತಿಂಗಳಿಗೆ ಬಾನುಬಿ ಎಂಬ ಮುದುಕಿ ಬಬಲೇಶ್ವರದಿಂದ ಬಸ್ಸು ಹತ್ತಿ ಅವರ ಮನೆ ಹುಡುಕಿಕೊಂಡು ಬಂದಳು. ಅವಳ ಮಗನೂ ಮಲಂಗಸಾಬ, ಗೌಂಡಿಯೇ. ದುಡಿದು ಬಂದು ಏನಾದರೊಂದು ಗೀಚುತ್ತ ಕೂರುತ್ತಿದ್ದವನು ಎಂಟು ವರ್ಷದ ಹಿಂದೆ ಮನೆ ಬಿಟ್ಟಿದ್ದ. ನೆರೆಮನೆಯ ಅಬೇದಾ ಮುನ್ನುಡಿ ಓದಿ ಹೇಳಿದಳಂತೆ. ಮುದುಕಿ ಅದನ್ನು ಕೇಳಿದ ದಿನವನ್ನೇ ಮಗ ಸತ್ತ ದಿನವೆಂದು ಹಿಡಿದು, ನಲವತ್ತನೇ ದಿನದ ಫಾತಿಹಾ ಓದಿಸಿ, ಹತ್ತು ಮಂದಿಗೆ ಊಟ ಹಾಕಿ, ಅವನ ಅಂಗಿಗಳನ್ನು ದಾನ ಕೊಟ್ಟಿದ್ದಳು. ಈಗ ಬೇಡಲು ಬಂದದ್ದು ಮಗನ ಕೈಬರಹದ ಒಂದು ಹಾಳೆ.

“ಓದಾಕ ಬರಂಗಿಲ್ರಿ ನನಗ. ಕೈಯಾಡಿಸಿ ಇಟಗೋತೀನಿ.”

ಮಾಸ್ತರರು ಯಾವುದೋ ಹಳೇ ಹಾಳೆ ಕೊಟ್ಟು ಸಾಗಹಾಕಬಹುದಿತ್ತು; ಮನಸ್ಸು ಒಪ್ಪಲಿಲ್ಲ. ಮಗ ಬದುಕಿರಬಹುದೆಂದು ತಿಳಿದರೆ ಮುದುಕಿ ಹಿಗ್ಗಿಯಾಳು ಎಂದೂ ಅನ್ನಿಸಿತು. ಓದಿದವರ ದಡ್ಡತನಕ್ಕೆ ಮದ್ದಿಲ್ಲ.

“ಯವ್ವಾ, ತಪ್ಪಾತು. ಹಸ್ತಪ್ರತಿ ಅನ್ನೂದ ಇಲ್ಲ. ಎಲ್ಲಾ ನಾನ ಹುಟ್ಟಿಸಿ ಬರದದ್ದು. ನಿಮ್ಮ ಮಗ ಇದ್ದಾನೋ ಇಲ್ಲೋ, ನನಗ ಗೊತ್ತಿಲ್ಲ.”

ಬಾನುಬಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮಾಸ್ತರರು ಆಮೇಲೆ ಎಷ್ಟೋ ದಿನ ಕೊರಗಿದರು.

“ಎಂಟ ವರ್ಷ ಬಾಗಲಾ ಚಿಲಕಾ ಹಾಕಿದ್ದಿಲ್ರಿ. ಬಂದಾಂವ ನನಗ ಎಚ್ಚರಾಗದ ಹೊಳ್ಳಿ ಹೋದಾನು ಅಂತ ಅಂಜಿಕಿ. ಫಾತಿಹಾ ಓದಿಸಿದ ಮ್ಯಾಲ ಚಿಲಕಾ ಹಾಕ್ಕೊಂಡ ಮಲಗಿದೆ. ಕಣ್ತುಂಬ ನಿದ್ದಿ ಬಂತು.”

ಸೆರಗು ಸರಿಪಡಿಸಿಕೊಂಡು ಎದ್ದಳು. ಬಸ್ಸಿಗೆ ಹೊತ್ತಾಗಿತ್ತು. ಹೊಸ್ತಿಲ ಬಳಿ ನಿಂತು, ಬೇರೆ ಯಾರನ್ನು ಕೇಳಬೇಕೋ ತಿಳಿಯದೆ, ಅವರನ್ನೇ ಕೇಳಿದಳು.

“ಇವತ್ತಿಂದ ಮತ್ತ ಚಿಲಕಾ ತಗದ ಇಡ್ಲೇನ್ರಿ, ಮಾಸ್ತರ್ರ?”