ಎರಡು ತಟ್ಟೆ, ಒಂದು ಮೊಳೆ

ಊಟದ ತಟ್ಟೆಗೆ ಬೂದಿ ಹಚ್ಚಿ ತಿಕ್ಕುತ್ತಿದ್ದಾಗ ಫೋನು ಬಂತು. ಒಂದು ಬೆರಳನ್ನು ಸೆರಗಿಗೆ ಒರೆಸಿಕೊಂಡು ಸ್ಪೀಕರ್ ಹಾಕಿದೆ. ಕುರುಗೋಡಿನ ಹೈಸ್ಕೂಲಿನ ಹೆಡ್ಮಾಸ್ತರು ಚಂದ್ರಣ್ಣ. ನಿಮ್ಮ ಶನಿವಾರದ ಪಾಠಕ್ಕೆ ಇಲಾಖೆಯ ಒಪ್ಪಿಗೆ ಕೇಳುವ ಅರ್ಜಿ ಕಳಿಸಲು ಸೋಮವಾರವೇ ಕಡೆಯ ದಿನ, ಸಹಿ ಹಾಕಿಬಿಡಿ, ಇಲ್ಲದಿದ್ದರೆ ಬರುವ ವರ್ಷ ನಿಮ್ಮನ್ನು ತರಗತಿಗೆ ಬಿಡಲು ನನಗೆ ಅಧಿಕಾರವಿಲ್ಲ ಎಂದರು.

ಅರ್ಜಿ ನಮ್ಮ ಅಕ್ಕಿ ಡಬ್ಬಿಯ ಕೆಳಗಿತ್ತು, ಎರಡು ವರ್ಷದಿಂದ. ಬರೆದವರು ಅವರೇ, ಪೆನ್ಸಿಲಿನಲ್ಲಿ. ವಿದ್ಯಾರ್ಹತೆ ಎಂಬಲ್ಲಿ ‘ಇಲ್ಲ’, ಹುದ್ದೆ ಎಂಬಲ್ಲಿ ‘ಸಹಾಯಕಿ’. ಹೀಗಿದ್ದರೆ ಕಚೇರಿಯಲ್ಲಿ ಬೇಗ ಪಾಸಾಗುತ್ತದೆ ಎಂಬುದು ಅವರ ಲೆಕ್ಕ. ಕೆಟ್ಟ ಮನುಷ್ಯರಲ್ಲ. ಆದರೂ ನಾನು ಸಹಿ ಹಾಕಲಿಲ್ಲ, ಹರಿದೂ ಹಾಕಲಿಲ್ಲ.

ಸಹಾಯಕಿಯಾಗಿ ಇಪ್ಪತ್ತು ವರ್ಷ ದುಡಿದವಳು ನಾನು. ನನ್ನ ಗಂಡ ಎರ್ರಣ್ಣ ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ ಬೋರ್ಡು ಬರೆಯುತ್ತಿದ್ದ. ಅವನು ಗೆರೆ ಎಳೆಯುವುದು, ನಾನು ಬಣ್ಣ ತುಂಬುವುದು. ಯಾವ ಅಕ್ಷರ ತುಂಬುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ. ಅವನು ತೀರಿಕೊಂಡ ಮೇಲೆ, ನಲವತ್ತಾರನೆಯ ವಯಸ್ಸಿನಲ್ಲಿ, ಸತ್ಯನಾರಾಯಣಪೇಟೆಯ ರಾತ್ರಿ ಶಾಲೆಗೆ ಹೋಗಿ ಏಳನೆಯ ತರಗತಿ ಮುಗಿಸಿದೆ. ಅವನು ಸತ್ತಾಗ ಬಳೆ ಒಡೆಯಲು ಬಂದವರಿಗೂ ನಾನು ಕೈ ಕೊಟ್ಟಿರಲಿಲ್ಲ. ಒಂದೊಂದಾಗಿ ಬಿಚ್ಚಿ ಬಣ್ಣದ ಡಬ್ಬಿಯಲ್ಲಿ ಇಟ್ಟುಕೊಂಡೆ. ಓಣಿಯವರು ತಿಂಗಳುಗಟ್ಟಲೆ ಆಡಿಕೊಂಡರು.

ಆ ಬಳೆಗಳೇ ಈಗ ನನ್ನ ಪಾಠದ ಸಾಮಾನು. ಶನಿವಾರ ಶನಿವಾರ ಕುರುಗೋಡಿಗೆ ಹೋಗಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಬ್ಲಾಕ್ ಅಕ್ಷರ ಕಲಿಸುತ್ತೇನೆ. ಇಟ್ಟಿಗೆಯಲ್ಲಿ ಕಟ್ಟಿದ ಹಾಗೆ ದಪ್ಪಗೆ ಎದ್ದು ನಿಲ್ಲುವ, ಹಿಂದಕ್ಕೆ ಹೋಗುತ್ತಾ ಸಣ್ಣದಾಗುವ ಅಕ್ಷರ. ಹಾಳೆಯ ಮೇಲೆ ಒಂದು ಗುಂಡುಪಿನ್ನು ಚುಚ್ಚಿ, ಅಕ್ಷರದ ಮೂಲೆ ಮೂಲೆಯಿಂದ ಅದಕ್ಕೆ ದಾರ ಎಳೆಯಬೇಕು. ದೂರ ಹೋದದ್ದೆಲ್ಲ ಆ ಪಿನ್ನಿನಲ್ಲಿ ಹೋಗಿ ಸೇರುತ್ತದೆ.

ಚಂದ್ರಣ್ಣನವರ ತಕರಾರು ಇಲ್ಲೇ. ಡ್ರಾಯಿಂಗ್ ಪುಸ್ತಕದಲ್ಲಿ ಇರುವುದೆಲ್ಲ ಇಂಗ್ಲಿಷ್ ಅಕ್ಷರ, ಅದನ್ನೇ ಕಲಿಸಿ ಎನ್ನುತ್ತಿದ್ದರು. ಅಂದೂ ಫೋನಿನಲ್ಲಿ ಅದೇ ಮಾತು.

“ಕನ್ನಡ ಅಕ್ಷರಕ್ಕ ಮೂಲಿನೇ ಇಲ್ಲಲ್ರಿ ಹೊನ್ನೂರಮ್ಮ. ಎಲ್ಲಿಂದ ದಾರ ಎಳೀತೀರಿ?”

“ಗುಂಡಗದಾವು ಅಂತ ಅವು ಮಲಕ್ಕೊಂಡಾ ಇರಬೇಕೇನ್ರಿ?”

ಅವರು ನಕ್ಕರು. “ಹಂಗಾದ್ರ ನಾಳೆ ಕಾಂಪೌಂಡ್ ಗ್ವಾಡಿ ಮ್ಯಾಲ ಒಂದು ಕನ್ನಡ ಮಾತು ನಿಲ್ಲಿಸಿ ತೋರಸ್ರಿ. ಅರ್ಜಿಯೊಳಗ ನೀವು ಏನು ಬರೀತೀರೋ ಅದಕ್ಕ ಕಣ್ಣು ಮುಚ್ಚಿ ಸೀಲ್ ಹೊಡೀತೀನಿ. ಇಲ್ಲಂದ್ರ ನಾ ಬರದಿದ್ದಕ್ಕ ನೀವು ಸಹಿ ಹಾಕಬೇಕು.”

ಆಗಲಿ ಎಂದೆ. ತೊಳೆದ ತಟ್ಟೆಗಳಲ್ಲಿ ಊಟದ್ದೊಂದು, ಅದರೊಳಗೆ ಕೂರುವ ಚಿಕ್ಕದೊಂದು ಒರೆಸಿ ಚೀಲಕ್ಕೆ ಹಾಕಿದೆ. ಜೊತೆಗೆ ಅರ್ಜಿ.

ಮೂಲೆಯಿಲ್ಲದ ಅಕ್ಷರಕ್ಕೆ ಹುಡುಗಿಯರು ಹಾಳೆಯ ಮೇಲೆ ಮಾಡುವುದು ಹೀಗೆ. ಅಕ್ಷರದ ಮುಂದಿನ ಸುತ್ತನ್ನು ನನ್ನ ದೊಡ್ಡ ಬಳೆ ಇಟ್ಟು ಬರೆಯುತ್ತಾರೆ. ಬಳೆಯ ಎರಡು ಪಕ್ಕ ತಾಗುವಂತೆ ಪಿನ್ನಿನಿಂದ ಎರಡು ದಾರ. ಆ ದಾರಗಳ ನಡುವೆ ತಮ್ಮ ಚಿಕ್ಕ ಬಳೆಯನ್ನು ಹಿಂದಕ್ಕೆ ಸರಿಸುತ್ತಾ ಹೋದರೆ ಒಂದು ಕಡೆ ಎರಡೂ ದಾರ ತಾಗಿ ನಿಂತುಬಿಡುತ್ತದೆ. ಅದೇ ಅಕ್ಷರದ ಬೆನ್ನು. ಗೋಡೆಗೆ ಬಳೆ ಸಾಲದು, ಅದಕ್ಕೇ ತಟ್ಟೆ.

ಶನಿವಾರ ಬೆಳಿಗ್ಗೆ ‘ನಮ್ಮ ಶಾಲೆ’ ಎಂದು ಬರೆಯುವುದೆಂದಾಯಿತು. ಸುಧಾರಾಣಿಯ ಗುಂಪು ಎಡಗಡೆಯಿಂದ, ಅನುಷಾಳ ಗುಂಪು ಬಲಗಡೆಯಿಂದ. ನಾನು ಬಣ್ಣ ಕಲೆಸಲು ಕೂತೆ. ತಪ್ಪಾದದ್ದು ಅಲ್ಲಿ. ತರಗತಿಯಲ್ಲಿ ಒಬ್ಬೊಬ್ಬಳಿಗೆ ಒಂದೊಂದು ಹಾಳೆ, ಒಂದೊಂದು ಪಿನ್ನು. ಆ ರೂಢಿಯ ಮೇಲೆ ಎರಡು ಗುಂಪಿನವರೂ ತಮ್ಮ ತಮ್ಮ ತುದಿಯಲ್ಲಿ ಒಂದೊಂದು ಮೊಳೆ ಹೊಡೆದುಕೊಂಡಿದ್ದರು. ಎದ್ದು ನೋಡುತ್ತೇನೆ, ‘ನಮ್ಮ’ ಒಂದು ದಿಕ್ಕಿಗೆ, ‘ಶಾಲೆ’ ಇನ್ನೊಂದು ದಿಕ್ಕಿಗೆ. ಜಗಳವಾಡಿದ ವಾರಗಿತ್ತಿಯರ ಹಾಗೆ ಬೆನ್ನು ತಿರುಗಿಸಿ ನಿಂತಿದ್ದವು.

ಚಂದ್ರಣ್ಣ ಅದೇ ಹೊತ್ತಿಗೆ ಬಂದರು. ಗೋಡೆ ನೋಡಿ, ನನ್ನ ನೋಡಿ, ಜೇಬಿನಿಂದ ಪೆನ್ನು ತೆಗೆದು ಮುಂದೆ ಹಿಡಿದರು. ಹುಡುಗಿಯರು ತಲೆ ತಗ್ಗಿಸಿದರು. ಅನುಷಾಳ ಕಣ್ಣಲ್ಲಿ ನೀರು.

“ಪೆನ್ನು ಕಿಸೇದಾಗ ಇಡ್ರಿ ಸಾರ್,” ಎಂದೆ. “ಇನ್ನೂ ಬಣ್ಣ ಬಿದ್ದಿಲ್ಲ, ಬರೇ ಸೀಮೆಸುಣ್ಣ.”

ಒದ್ದೆ ಬಟ್ಟೆಯಲ್ಲಿ ಅಷ್ಟನ್ನೂ ಒರೆಸಿಸಿದೆ. ಎರಡು ಮೊಳೆಯನ್ನೂ ನಾನೇ ಕಿತ್ತೆ. ನಟ್ಟನಡುವೆ, ಅಕ್ಷರದ ಸಾಲಿನಿಂದ ಒಂದು ಮೊಳ ಕೆಳಗೆ, ಒಂದೇ ಮೊಳೆ. ಹೊಡೆದವಳು ಅನುಷಾ. ಗೋಡೆ ಒಂದೇ ಇದ್ದ ಮೇಲೆ ದೂರವೂ ಒಂದೇ ಎಂದು ಹೇಳಿದೆ, ಮತ್ತೇನೂ ಬೈಯಲಿಲ್ಲ. ದೊಡ್ಡ ತಟ್ಟೆ, ದಾರ, ಚಿಕ್ಕ ತಟ್ಟೆ. ಮತ್ತೆ ದೊಡ್ಡ ತಟ್ಟೆ. ಮ ಅಕ್ಷರದ ಹೊಟ್ಟೆ, ಅದರ ಒತ್ತು, ಲೆಯ ಸುರುಳಿ. ಬಿಸಿಲು ಏರಿತು. ಚಂದ್ರಣ್ಣ ಹೋಗಲಿಲ್ಲ, ಬೇವಿನ ಮರದ ಕೆಳಗೆ ಕುರ್ಚಿ ತರಿಸಿಕೊಂಡು ಕೂತರು. ಮುಂದಿನ ಮುಖಕ್ಕೆ ಹಳದಿ, ದಪ್ಪಕ್ಕೆ ಕೆಂಪು ತುಂಬುವ ಹೊತ್ತಿಗೆ ಒಂದು ಗಂಟೆ.

ರಸ್ತೆಯಲ್ಲಿ ಹೋಗುತ್ತಿದ್ದ ಮುದುಕನೊಬ್ಬ ಸೈಕಲ್ ನಿಲ್ಲಿಸಿ ಗೋಡೆಯ ಹತ್ತಿರ ಬಂದ. ಅಕ್ಷರ ನಿಜವಾಗಿ ಉಬ್ಬಿವೆಯೋ ಎಂದು ಕೈಯಿಟ್ಟು ನೋಡಿದ. ಹಸಿ ಬಣ್ಣ ಅಂಗೈಗೆ ಹತ್ತಿತು. ಹುಡುಗಿಯರು ನಕ್ಕರು. ಚಂದ್ರಣ್ಣ ನಗಲಿಲ್ಲ, ಕುರ್ಚಿಯಿಂದ ಎದ್ದು ನಿಂತರು.

ಬೋರ್ಡಿನ ಮೂಲೆಯಲ್ಲಿ ಬರೆದವರ ಹೆಸರಿರುವುದು ಈ ಕಸುಬಿನ ಪದ್ಧತಿ. ನಾನು ತುಂಬಿದ ಬೋರ್ಡುಗಳಲ್ಲೆಲ್ಲ ಎರ್ರಣ್ಣನ ಹೆಸರೇ ಇರುತ್ತಿತ್ತು. ಹನ್ನೊಂದು ಹುಡುಗಿಯರೂ ತಮ್ಮ ತಮ್ಮ ಹೆಸರು ಬರೆಯಲಿ ಎಂದೆ, ಬಣ್ಣ ತುಂಬಿದವರೂ ಸೇರಿ. ಬರೆದು ಮುಗಿಸಿ ಸುಧಾರಾಣಿ ಬ್ರಷ್ಷನ್ನು ನನ್ನ ಕಡೆ ಚಾಚಿದಳು.

“ನಿಮ್ಮದು ಎಲ್ಲಿ ಬರೀತೀರಿ ಟೀಚರ್?”

“ನಂದು ಬರಿಯೋ ಜಾಗ ಬ್ಯಾರೆ ಐತವ್ವ,” ಎಂದೆ.

ಚೀಲದಿಂದ ಅರ್ಜಿ ತೆಗೆದೆ. ಪೆನ್ಸಿಲಿನ ಎರಡು ಮಾತನ್ನೂ ರಬ್ಬರಿನಿಂದ ಅಳಿಸಿ, ಚಂದ್ರಣ್ಣನವರ ಪೆನ್ನನ್ನೇ ಕೇಳಿ ಇಸಿದುಕೊಂಡೆ. ವಿದ್ಯಾರ್ಹತೆ: ರಾತ್ರಿ ಶಾಲೆ, ಏಳನೆಯ ತರಗತಿ. ಹುದ್ದೆ: ಅಕ್ಷರ ಕಲಿಸುವ ಶಿಕ್ಷಕಿ. ಕೆಳಗೆ ಜಾಗವಿತ್ತು. ಅನುಮಾನವಿದ್ದರೆ ಕುರುಗೋಡಿಗೆ ಬಂದು ಗೋಡೆ ನೋಡುವುದು ಎಂದೂ ಸೇರಿಸಿ, ನನ್ನ ಹೆಸರು ಬರೆದು ಸಹಿ ಹಾಕಿದೆ.

ಚಂದ್ರಣ್ಣ ಎರಡು ಸಲ ಓದಿದರು. ಕಚೇರಿಯವರು ಒಪ್ಪುತ್ತಾರೆಂದು ಹೇಳಲಾರೆ ಎಂದರು. ಒಪ್ಪದಿದ್ದರೆ ಮತ್ತೆ ಬರೆಯುತ್ತೇನೆ, ಈಗ ಬರೆಯಲು ಬರುತ್ತದಲ್ಲ ಎಂದೆ. ಅವರು ಸೀಲು ಹೊಡೆದರು, ನೆಟ್ಟಗೆ.

ಸೋಮವಾರ ಅಂಚೆ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಕೌಂಟರಿನ ಹುಡುಗಿ ಲಕೋಟೆ ತೂಗಿ ಸ್ಪೀಡ್ ಪೋಸ್ಟಿನ ಚೀಟಿ ಅಂಟಿಸಿದಳು. ಅಂಚಿಗೆ ಹತ್ತಿದ್ದ ಕೆಂಪು ಬಣ್ಣ ನೋಡಿ, ಬದಲಿ ಲಕೋಟೆ ಕೊಡಲೇ ಎಂದು ಕೇಳಿದಳು. ಬೇಡ, ಹಾಗೇ ಕಳಿಸು ಎಂದೆ. ಅವಳು ಅದನ್ನು ಹಿಂದಿನ ಚೀಲಕ್ಕೆ ಹಾಕಿದಳು.