ನಾಲ್ಕು ಪಟ್ಟಿ

"ಶೂ ಬಿಚ್ಚಿದ್ರೆ ಸಾಲ್ದು ಕಣೋ, ಸೊಂಟದ ಬೆಲ್ಟೂ ಬಿಚ್ಚು! ಅದರ ಹಿತ್ತಾಳೆ ತಾಗಿ ನನ್ನ ಗಾಡಿ ಬಣ್ಣ ಕಿತ್ತು ಬಂದ್ರೆ ನಿನ್ನ ಚರ್ಮ ಸುಲಿದು ಅಂಟಿಸ್ತೀಯಾ?"

ಐವತ್ತೊಂಬತ್ತು ವರ್ಷದ ಮನ್‌ಸಿಕ್‌ಗೆ ಹೀಗೆ ಏಕವಚನದಲ್ಲಿ ಅಪ್ಪಣೆ ಕೊಟ್ಟವನಿಗೆ ಇನ್ನೂ ಇಪ್ಪತ್ತಾರು ತುಂಬಿರಲಿಲ್ಲ. ಹೆಸರು ತಾಕ್ ಜೂನ್‌ಬೊಮ್. ಅಪ್ಪ ಕಟ್ಟಿದ ಕಾರ್ಖಾನೆ, ಅಪ್ಪ ಕೊಟ್ಟ ಕುರ್ಚಿ, ಅಪ್ಪ ಕೊಡಿಸಿದ ಹಸಿರು ಸ್ಪೋರ್ಟ್ಸ್ ಕಾರು. ಸ್ವಂತ ಸಂಪಾದನೆ ಅಂತ ಅವನ ಹತ್ತಿರ ಇದ್ದದ್ದು ಬಾಯಿ ಒಂದೇ. ಆ ಕಾರು ಮಧ್ಯಾಹ್ನ ಎರಡು ಗಂಟೆಗೆ ಬೆಟ್ಟಗಳಾಚೆ ಇಂಜೆಯ ರೇಸ್ ಮೈದಾನದಲ್ಲಿರಬೇಕಿತ್ತು. ಓಡುವುದಕ್ಕೇ ಹುಟ್ಟಿದ ಕಾರು ಅಲ್ಲಿಗೆ ಓಡಿಕೊಂಡು ಹೋಗುವ ಹಾಗಿರಲಿಲ್ಲ. ಮೈಗೆ ಧೂಳು ಹತ್ತುತ್ತದಂತೆ. ಅದಕ್ಕೇ ಮನ್‌ಸಿಕ್‌ನ ಟ್ರೈಲರ್ ಲಾರಿ ಇಂಚೋನ್ ಬಂದರಿನ ಹಿಂದಿನ ಸಾಗಣೆ ಅಂಗಳದಲ್ಲಿ ಬೆಳಗಿನಿಂದ ಕಾದು ನಿಂತಿತ್ತು.

ಮನ್‌ಸಿಕ್ ಬೆಲ್ಟು ಬಿಚ್ಚಿ ಶೂಗಳ ಪಕ್ಕದಲ್ಲಿ ಸುತ್ತಿಟ್ಟ. ಎಡಗಾಲಿನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕಿತು. ಜೂನ್‌ಬೊಮ್ ಅದರ ಕಡೆಗೆ ಫೋನ್ ಹಿಡಿದು ಕಿಸಕ್ಕನೆ ನಕ್ಕ.

"ನೋಡ್ರೋ, ನನ್ನ ಗಾಡಿ ನೋಡಕ್ಕೆ ಬೆರಳೂ ಎದ್ದು ಬಂದಿದೆ!"

ಸಾಗಣೆ ಕಂಪನಿಯ ಮ್ಯಾನೇಜರ್ ಮೇಂಗ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನಿಗೆ ನಗು ಬಂದಿರಲಿಲ್ಲ, ಆದರೂ ನಕ್ಕ. ಸಂಬಳ ಅವನಿಗೆ ಬರುತ್ತಿದ್ದದ್ದೇ ಇಂಥ ಕೆಲಸಕ್ಕೆ.

ಕಾರಿನ ಮೂತಿ ನೆಲಕ್ಕೆ ನಾಲ್ಕು ಬೆರಳು ಎತ್ತರದಲ್ಲಿತ್ತು. ಟ್ರೈಲರ್ ಹಿಂದಿನ ಇಳಿಹಲಗೆಯ ಬುಡಕ್ಕೆ ಇನ್ನೆರಡು ಮರದ ಹಲಗೆ ಜೋಡಿಸಿ, ಏರನ್ನು ತಗ್ಗಿಸಿ, ಮನ್‌ಸಿಕ್ ಒಳಗೆ ಕೂತ. ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದು ಕೈ ಜಾರುವ ಪ್ಯಾಂಟಿನ ಮೇಲೆ. ಮಾನ ಮತ್ತು ಕಾರು ಎರಡನ್ನೂ ಗೀರಿಲ್ಲದೆ ಮೇಲೆ ಹತ್ತಿಸಿದ. ಆಮೇಲೆ ಪ್ರತಿ ಚಕ್ರಕ್ಕೂ ಒಂದರಂತೆ ನಾಲ್ಕು ಪಟ್ಟಿ. ಟೈರಿನ ಮೇಲೆ ಹಾಯಿಸಿ, ಕೊಕ್ಕೆಗಳನ್ನು ಟ್ರೈಲರ್ ತಳದ ಕಿಂಡಿಗಳಿಗೆ ಸಿಗಿಸಿ, ಹಿಡಿ ಒತ್ತಿ ಕಟಕಟ ಬಿಗಿದ. ಬೆರಳಿಂದ ಮೀಟಿ ನೋಡಿದ. ಪಟ್ಟಿ ಟಣ್ ಎಂದಿತು.

"ಏಯ್, ಇದೇನೋ ಇದು?" ಜೂನ್‌ಬೊಮ್ ಕೆಳಗಿನಿಂದ ಕೂಗಿದ. "ಆಸ್ಪತ್ರೆ ಮಂಚಕ್ಕೆ ಕಟ್ಟಿರೋ ಹುಚ್ಚನ ಥರ ಕಾಣ್ತಿದೆ ನನ್ನ ಗಾಡಿ! ದಾರಿಯುದ್ದ ಸ್ನೇಹಿತರು ವಿಡಿಯೋ ತೆಗೀತಾ ಬರ್ತಾರೆ. ಮುಂದಿನ ಎರಡೂ ಬಿಚ್ಚು. ಹಿಂದಿನದನ್ನೂ ಸಡಿಲ ಮಾಡು, ಟೈರಿಗೆ ಗುರುತು ಬೀಳತ್ತೆ."

"ಬೆಟ್ಟದ ರಸ್ತೆ ಸ್ವಾಮಿ. ಏರು, ಇಳಿಜಾರು, ತಿರುವು. ನಾಕೂ ಇರ್ಲೇಬೇಕು."

"ನನಗೆ ಪಾಠ ಹೇಳ್ತೀಯಾ? ಲಗೇಜ್ ಹೊರೋ ಮುದಿಯಾ!"

ಹಿಂದಿನ ವರ್ಷ ಇದೇ ತಿಂಗಳು, ಇದೇ ಅಂಗಳದಿಂದ, ಇಂಥದ್ದೇ ಇನ್ನೊಬ್ಬ ಧಣಿಯ ಕಾರು ಹೊರಟಿತ್ತು. ಅವನೂ ಹೀಗೇ ಎರಡು ಪಟ್ಟಿ ಬಿಚ್ಚಿಸಿದ್ದ. ಲಾರಿ ಓಡಿಸಿದವನು ಮನ್‌ಸಿಕ್‌ನ ಗೆಳೆಯ ಹ್ವಾಂಗ್‌ಬೋ. ಏರಿನ ನಡುವೆ ಕಾರು ಅಲುಗಾಡಿದ್ದು ಕಂಡು ಲಾರಿ ನಿಲ್ಲಿಸಿ ನೋಡಲು ಹಿಂದಕ್ಕೆ ಹೋದ. ಕಾರು ಹಿಂದಕ್ಕೆ ಜಾರಿ ಅವನ ಮೇಲೇ ಬಂತು. ವರದಿಯಲ್ಲಿ 'ಚಾಲಕನ ನಿರ್ಲಕ್ಷ್ಯ' ಎಂದು ಬರೆದರು. ಬಂಪರಿಗೆ ಗೀರು ಬಿದ್ದದ್ದಕ್ಕೆ ಕಂಪನಿ ಆ ಧಣಿಯ ಮನೆಗೆ ಹಣ್ಣಿನ ಬುಟ್ಟಿ ಕಳಿಸಿತು. ಹ್ವಾಂಗ್‌ಬೋ ಮನೆಗೆ ಆಳು ಕಳಿಸಿ ಲಾರಿಯ ಹಳದಿ ನಂಬರ್ ಫಲಕ ಬಿಚ್ಚಿಸಿಕೊಂಡಿತು.

ಫಲಕ ಕಂಪನಿಯದು. ಲಾರಿ ಮಾತ್ರ ಓಡಿಸುವವನದು. ಇಪ್ಪತ್ತು ವರ್ಷ ರಕ್ತ ಬಸಿದು ಲಾರಿ ಕೊಂಡರೂ ಬಾಡಿಗೆಗೆ ಹೊರಡಲು ಹಳದಿ ಫಲಕ ಬೇಕು. ಅದಿರುವುದು ಕಂಪನಿಯ ಹೆಸರಲ್ಲಿ. ಹ್ವಾಂಗ್‌ಬೋನ ಲಾರಿಯ ಮೇಲೆ ಈಗ ಅವನ ಹೆಂಡತಿ ಮೆಣಸಿನಕಾಯಿ ಒಣಗಿಸುತ್ತಾಳೆ.

ಮೇಂಗ್ ಟ್ರೈಲರ್ ಹತ್ತಿ ಬಂದು ಮನ್‌ಸಿಕ್‌ನ ಕಿವಿಯ ಹತ್ತಿರ ಹಲ್ಲು ಕಡಿದ.

"ಬಿಚ್ಚಯ್ಯಾ ಅಂದ್ರೆ ಬಿಚ್ಚು. ನಿನಗೂ ಮೆಣಸಿನಕಾಯಿ ಒಣಗಿಸೋ ಆಸೆನಾ? ಫಲಕ ಸಂಜೆಯೊಳಗೆ ಬಿಚ್ಚಿಸ್ತೀನಿ. ಮತ್ತೆ ಸ್ವಲ್ಪ ನಗು. ಅಲ್ಲಿ ನೋಡು ಹಂದೀನ, ಸತ್ತ ಮೇಲೂ ಹೆಂಗೆ ನಗ್ತಿದೆ."

ಲಾರಿಯ ಮುಂದೆ ಚಾಪೆ ಹಾಸಿ, ಮೇಜಿನ ಮೇಲೆ ಬೇಯಿಸಿದ ಹಂದಿತಲೆ ಇಟ್ಟಿದ್ದರು. ಹೊಸ ಗಾಡಿಯ ಪೂಜೆಗೆ ನಗುವ ಹಂದಿಯೇ ಬೇಕು. ಮೂರು ಅಂಗಡಿ ಸುತ್ತಿ ಆರಿಸಿ ತಂದವಳು ಅಂಗಳದಲ್ಲಿ ಕಾರು ತೊಳೆಯುವ ಓಕ್‌ಬುನ್. ಬೇಯಿಸಿದವಳೂ ಅವಳೇ. ಪೂಜೆಯ ಹೊತ್ತಿಗೆ ಮಾತ್ರ ಅವಳನ್ನು ನಲ್ಲಿಯ ಹತ್ತಿರ ನಿಲ್ಲಲು ಹೇಳಿದ್ದರು, ಫೋಟೋದಲ್ಲಿ ಅವಳ ರಬ್ಬರ್ ಬೂಟು ಬರಬಾರದಂತೆ.

ಮನ್‌ಸಿಕ್ ಮುಂದಿನ ಎರಡು ಪಟ್ಟಿ ಬಿಚ್ಚಿದ. ಹಿಂದಿನ ಎರಡನ್ನು ಸಡಿಲಿಸಿದ. ಯಾಕೆಂದರೆ ಫಲಕ.

ಪೂಜೆಗೆ ಕರೆಸಿದ ದೈವದಮ್ಮ ರೇಷ್ಮೆ ಉಟ್ಟು, ಗಂಟೆ ಅಲ್ಲಾಡಿಸಿ, ಟ್ರೈಲರ್ ಹತ್ತಿ ಕಾರಿನ ನಾಲ್ಕು ಚಕ್ರಕ್ಕೂ ಅಕ್ಕಿಹೆಂಡ ಸುರಿದು ಇಳಿದಳು. ಜೂನ್‌ಬೊಮ್ ಮೂರು ಸಲ ಅಡ್ಡಬಿದ್ದು ಹಂದಿಯ ಬಾಯಿಗೆ ನೋಟಿನ ಕಂತೆ ತುರುಕಿದ. ಮೇಂಗ್ ಕೂಡ ಒಂದು ನೋಟು ತುರುಕಿದ, ಧಣಿಗೆ ಕಾಣುವ ಹಾಗೆ. ಆಗ ದೈವದಮ್ಮನ ಗಂಟೆ ತಟ್ಟನೆ ನಿಂತಿತು.

"ಮೈಲಿಗೆ! ಮೈಲಿಗೆ ವಾಸನೆ! ಸಾವಿನ ಮನೆಯಿಂದ ಬಂದೋರು ಯಾರಿದ್ದಾರೆ ಇಲ್ಲಿ?"

ಯಾರೂ ಇಲ್ಲ ಎಂದು ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಆದರೆ ದೈವದ ಮುಂದೆ ಸುಳ್ಳು ಹೇಳಿ ಮನ್‌ಸಿಕ್‌ಗೆ ರೂಢಿ ಇರಲಿಲ್ಲ.

"ನಾನು ಕಣಮ್ಮ. ನೆನ್ನೆ ಹ್ವಾಂಗ್‌ಬೋನ ವರ್ಷದ ಎಡೆ ಇತ್ತು. ಹೋಗಿದ್ದೆ."

"ಅಯ್ಯೋ ಪಾಪಿ! ಸಾವನ್ನ ಹೆಗಲ ಮೇಲೆ ಹೊತ್ಕೊಂಡು ಹೊಸ ಗಾಡಿ ಮುಟ್ಟಿದ್ದೀಯಲ್ಲೋ!"

ಜೂನ್‌ಬೊಮ್‌ನ ಮುಖ ಕೆಂಪಾಯಿತು. "ಸೂಳೆಮಗನೇ, ನಾನಿವತ್ತು ಸೋತ್ರೆ ನಿನ್ನಿಂದಾನೇ! ಏನ್ರಿ ಇದಕ್ಕೆ ಪರಿಹಾರ?"

ದೈವದಮ್ಮ ಹೇಳಿದ ಪರಿಹಾರ ಸುಲಭವಿತ್ತು. ಮುಟ್ಟಿದವನು ಗಾಡಿಯ ಮುಂದೆ ಮೂರು ಸಲ ಅಡ್ಡಬಿದ್ದು, ತಪ್ಪಾಯ್ತು ಎನ್ನಬೇಕು. ಮನ್‌ಸಿಕ್ ಮೇಂಗ್ ಕಡೆ ನೋಡಿದ. ಮೇಂಗ್ ಚಾಪೆಯ ಕಡೆ ಕಣ್ಣು ಮಾಡಿದ. ಜೂನ್‌ಬೊಮ್ ಮತ್ತೆ ಫೋನ್ ಎತ್ತಿದ.

ಬೆಲ್ಟಿಲ್ಲದ ಪ್ಯಾಂಟು ಹಿಡಿದುಕೊಂಡು ಅಡ್ಡಬೀಳುವುದು ಅಷ್ಟು ಸುಲಭವಲ್ಲ. ಮೊದಲನೆಯ ಸಲ ಬಿದ್ದ. "ತಪ್ಪಾಯ್ತು." "ಜೋರಾಗಿ ಹೇಳೋ, ಗಾಡಿಗೆ ಕೇಳಿಸ್ಲಿಲ್ಲ!" ಎರಡನೆಯ ಸಲ ಬಿದ್ದ. "ತಪ್ಪಾಯ್ತು!" ಮೂರನೆಯ ಸಲ ಬಿದ್ದು ತಲೆ ಎತ್ತಿದಾಗ ಮೂಗಿನ ನೇರಕ್ಕೆ ಕಂಡದ್ದು ಹಸಿರು ಕಾರಲ್ಲ. ಕಾರು ಮೇಲೆಲ್ಲೋ ಇತ್ತು. ಎದುರಿಗಿದ್ದದ್ದು ಅವನದೇ ಲಾರಿಯ ಮುಖ, ಅದರ ಮೇಲಿನ ಹಳದಿ ಫಲಕ, ಫಲಕಕ್ಕೆ ಎರಡೇ ಎರಡು ಬೋಲ್ಟು.

ಇಷ್ಟು ವರ್ಷ ಇದಕ್ಕೇ ಅಲ್ಲವೇ ಅಡ್ಡಬಿದ್ದದ್ದು, ಥತ್! ಒಳಗೆ ಎಲ್ಲೋ ಹಿಡಿದಿದ್ದ ನಗು ಅವನಿಗೆ ತಾನಾಗಿ ಬಂತು. ಮಂಡಿಯೂರಿದವನು ಜೇಬಿನಿಂದ ಸ್ಪ್ಯಾನರ್ ತೆಗೆದ.

"ಏನ್ಮಾಡ್ತಿದ್ದೀಯೋ?" ಮೇಂಗ್ ಕೇಳಿದ.

"ನಿಮಗ್ಯಾಕೆ ಸಂಜೆಗಂಟ ಕೆಲ್ಸ? ನಾನೇ ಬಿಚ್ಕೊಡ್ತೀನಿ ಇರಿ."

ಒಂದು ಬೋಲ್ಟು ತುಕ್ಕು ಹಿಡಿದಿತ್ತು. ಯಾರಿಗೂ ಏನೂ ಹೊಳೆಯುವ ಮೊದಲೇ ಅದೂ ಬಂತು. ಮನ್‌ಸಿಕ್ ಮೇಜಿನ ಹತ್ತಿರ ಹೋಗಿ, ಹಂದಿಯ ಬಾಯಿಂದ ನೋಟಿನ ಕಂತೆ ತೆಗೆದು ತಟ್ಟೆಯಲ್ಲಿಟ್ಟು, ಫಲಕವನ್ನು ಅಡ್ಡಡ್ಡ ಹಲ್ಲುಗಳ ನಡುವೆ ಗುದ್ದಿ ಕೂರಿಸಿದ.

"ನಂತವ ದುಡ್ಡಿಲ್ಲ ತಾಯಿ," ಎಂದ ದೈವದಮ್ಮನಿಗೆ. "ಇರೋದಿದೊಂದು. ಒಪ್ಪಿಸ್ಕಳ್ಳಿ."

ದೈವದಮ್ಮ ಗಂಟೆಯನ್ನು ಎದೆಗವಚಿಕೊಂಡು ಹಿಂದೆ ಸರಿದಳು. ಮನ್‌ಸಿಕ್ ಶೂ ಹಾಕಿಕೊಂಡ, ಬೆಲ್ಟು ಬಿಗಿದ. ಹಾಗೇ ಶೂ ಸಮೇತ ಟ್ರೈಲರ್ ಹತ್ತಿ, ಹೆಂಡದಲ್ಲಿ ತೊಯ್ದ ಚಕ್ರಗಳ ಮೇಲೆ ನಾಲ್ಕೂ ಪಟ್ಟಿ ಹಾಯಿಸಿ ಕಟಕಟ ಬಿಗಿದ. ಮೀಟಿ ನೋಡಿದ. ಟಣ್. ಇಳಿದು ಬಂದು ಹಿಂದಿನ ಹಲಗೆ ಮೇಲೆತ್ತಿ, ಲಾರಿಯ ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡ. ಎಂಜಿನ್ ಓಡದೆ ಆ ಹಲಗೆ ಕೆಳಗಿಳಿಯುವುದಿಲ್ಲ.

"ಹೊರಡೋ! ಎರಡು ಗಂಟೆಗೆ ರೇಸು!" ಜೂನ್‌ಬೊಮ್ ಕಿರುಚಿದ.

"ಫಲಕ ಇಲ್ದೆ ರಸ್ತೆಗೆ ಇಳಿಸಿದ್ರೆ ಪೊಲೀಸ್ನೋರು ಹಿಡೀತಾರೆ ಸ್ವಾಮಿ. ನಾನು ಕಾನೂನಿಗೆ ಹೆದ್ರೋನು."

"ಹಂಗಾದ್ರೆ ನನ್ನ ಗಾಡಿ ಇಳಿಸು!"

"ಮೈಲಿಗೆ ಮನ್ಸ. ಹೆಂಗೆ ಮುಟ್ಲಿ?"

"ಕೀಲಿ ಕೊಡೋ, ಬೋಳಿಮಗನೇ!" ಮೇಂಗ್ ಕೈ ಚಾಚಿ ಬಂದ.

"ಫಲಕ ನಿಮ್ದು, ಕೊಟ್ಟಿವ್ನಿ. ಲಾರಿ ನಂದು. ಕೀಲೀನೂ ನಂದೇ ಕಣೋ, ಮೇಂಗಾ. ಮುಟ್ಟು ನೋಡವ."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನಿಂದ ಏಕವಚನದಲ್ಲಿ ಕರೆಸಿಕೊಂಡ ಮೇಂಗ್ ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ. ಸ್ಪ್ಯಾನರ್ ಇನ್ನೂ ಮನ್‌ಸಿಕ್‌ನ ಕೈಯಲ್ಲೇ ಇತ್ತು.

ಓಕ್‌ಬುನ್ ನಲ್ಲಿಯ ಹತ್ತಿರದಿಂದ ರಬ್ಬರ್ ಬೂಟು ಚಪ್‌ಚಪ್ ಎನಿಸುತ್ತ ಬಂದಳು. ಜೂನ್‌ಬೊಮ್‌ನ ಫೋನಿನ ಎದುರಿಗೇ ಹಾದು, ಮೇಜಿನ ಮೇಲಿನ ಚಾಕು ತೆಗೆದುಕೊಂಡು, ಹಂದಿಯ ಒಂದು ಕಿವಿ ಕೊಯ್ದು, ಉಪ್ಪಿಗೆ ಅದ್ದಿ ಮನ್‌ಸಿಕ್‌ಗೆ ಕೊಟ್ಟಳು. ಅವನು ಲಾರಿಯ ಮೆಟ್ಟಿಲ ಮೇಲೆ ಕೂತು ಅಗಿಯತೊಡಗಿದ.

"ನಾಳೆಯಿಂದ ಏನ್ಮಾಡ್ತೀಯಣ್ಣ?" ಅವಳು ಮೆಲ್ಲಗೆ ಕೇಳಿದಳು.

"ಮೆಣಸಿನಕಾಯಿ ಒಣಗಾಕ್ತೀನಿ ಕಣವ್ವ." ಮನ್‌ಸಿಕ್ ತಲೆ ಎತ್ತಿ ಹಸಿರು ಕಾರನ್ನು ಒಮ್ಮೆ ನೋಡಿದ. "ಜಾಗ ಸಾಲ್ದೇ ಬಂದ್ರೆ ಇದರ ಮ್ಯಾಲೂ ಹರವಬೌದು. ಬಿಸ್ಲು ಚೆನ್ನಾಗಿ ಬೀಳ್ತದೆ."

ಮೇಜಿನ ಹತ್ತಿರ ಮೇಂಗ್ ಎರಡೂ ಕೈಯಿಂದ ಫಲಕ ಹಿಡಿದು ಜಗ್ಗುತ್ತಿದ್ದ. ಫಲಕ ಬರಲಿಲ್ಲ, ಹಂದಿಯ ತಲೆಯೇ ಮೇಜಿನ ಮೇಲೆ ಅವನ ಕಡೆಗೆ ಜಾರಿ ಜಾರಿ ಬರುತ್ತಿತ್ತು, ನಗುತ್ತಲೇ.